ಜುಲೈಕಾ ಮಾಮಿಯ ಬಿರಿಯಾನಿ

ಆ ಬಿರಿಯಾನಿ ಜುಲೈಕಾಳದ್ದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮೆಲ್ಕಾರಿನಿಂದ ಬೆಳ್ತಂಗಡಿಯವರೆಗಿನ ನೆಂಟರಿಷ್ಟರೆಲ್ಲ ಅದನ್ನು ‘ಜುಲೈಕಾ ಮಾಮಿಯ ಬಿರಿಯಾನಿ’ ಎಂದೇ ಕರೆಯುತ್ತಾರೆ, ಆ ಮಹಾತಾಯಿಯೂ ಒಂದು ದಿನ ಬಾಯಿತಪ್ಪಿಯಾದರೂ ಅಲ್ಲ ಎಂದವಳಲ್ಲ. ಮಾಡಿದವಳು ಅವಳ ಸೊಸೆ ಹಸ್ನಾ. ಅಕ್ಕಿ ನೆನೆಸಿದ್ದು ಹಸ್ನಾ, ಈರುಳ್ಳಿ ಹುರಿದದ್ದು ಹಸ್ನಾ, ದಮ್ಮಿಗೆ ಇಟ್ಟು ಮುಚ್ಚಳದ ಮೇಲೆ ಕೆಂಡ ಹರಡಿದ್ದೂ ಹಸ್ನಾ. ಜುಲೈಕಾ ಮಾಡಿದ್ದು ಇಷ್ಟೇ: ಹೊಸ ಸೀರೆ ಉಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ನಾನೇ ಮಾಡಿದ್ದು” ಎಂದದ್ದು.

ಅದು ಎರಡು ವರ್ಷದ ಹಿಂದಿನ ಮಾತು. ಜುಲೈಕಾಳ ಮಗಳು ಫರ್ಹಾನಳ ನಿಶ್ಚಯ. ಬೆಳ್ತಂಗಡಿಯಿಂದ ಗಂಡಿನ ಕಡೆಯವರು ವ್ಯಾನು ತುಂಬ ಬಂದಿದ್ದರು. ಹುಡುಗ ಉನೈಸನ ತಾಯಿ ಬೆರಳು ನೆಕ್ಕುತ್ತ “ಇದು ಯಾರ ಕೈಯ ರುಚಿ?” ಎಂದು ಕೇಳಿದ್ದೇ ತಡ, ಜುಲೈಕಾ ಆ ಮಾತನ್ನು ಒಗೆದುಬಿಟ್ಟಳು. ಅಡುಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದ ಹಸ್ನಾ ಅದನ್ನು ಕೇಳಿ ನಕ್ಕಿದ್ದಳು. ಹೋಗಲಿ, ಹೆಸರು ಯಾರಿಗಾದರೂ ಬರಲಿ ಎಂದುಕೊಂಡಿದ್ದಳು. ಆಗ ಅವಳ ಹೊಟ್ಟೆಯಲ್ಲಿ ಐದು ತಿಂಗಳ ಮಗು ಇತ್ತು, ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಆ ನಿಶ್ಚಯದ ದಿನವೇ ಅವಳು ಐದನೇ ತಿಂಗಳ ದೊಡ್ಡ ಸ್ಕ್ಯಾನಿಗೆ ಹೋಗಬೇಕಿತ್ತು. ಮಗುವಿನ ತಲೆ, ಬೆನ್ನು, ಹೃದಯ, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುವ ಸ್ಕ್ಯಾನು ಅದು. “ಸ್ಕ್ಯಾನು ಎಲ್ಲಿಗೆ ಓಡಿ ಹೋಗ್ತದೆ? ಮುಂದಿನ ವಾರ ಹೋಗುವ. ಒಂದು ವಾರದಲ್ಲಿ ಆಕಾಶ ಬೀಳ್ತದಾ?” ಎಂದು ಜುಲೈಕಾ ತಾನೇ ಫೋನು ಮಾಡಿ ದಿನ ಬದಲಾಯಿಸಿದಳು. ಆಕಾಶ ಬೀಳಲಿಲ್ಲ. ವಾರ ತುಂಬುವ ಮೊದಲೇ ಹಸ್ನಾಳಿಗೆ ಸೊಂಟ ಹಿಡಿದುಕೊಂಡಿತು, ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮಗು ಹೋಯಿತು. ಗರ್ಭಕೋಶದ ಬಾಯಿ ಸಡಿಲವಾಗಿತ್ತು, ಸ್ಕ್ಯಾನಿನಲ್ಲಿ ಅದು ಕಾಣುತ್ತಿತ್ತು, ಆಗಲೇ ಒಂದು ಹೊಲಿಗೆ ಹಾಕಿದ್ದರೆ ಮಗು ಉಳಿಯುವ ಸಾಧ್ಯತೆ ಇತ್ತು ಎಂದು ಡಾಕ್ಟರಮ್ಮ ಹೇಳಿದರು. ಹೇಳಿ ಮುಂದಿನ ಮಂಚಕ್ಕೆ ಹೋದರು.

ಜುಲೈಕಾ ಊರಿಗೆಲ್ಲ ಹೇಳಿದ್ದೇ ಬೇರೆ. “ಸ್ಕ್ಯಾನಿಗೆ ಹೋಗು ಹೋಗು ಎಂದು ನಾನು ಬಾಯಿ ಬಡಕೊಂಡೆ. ಅವಳೇ ಮುಂದಿನ ವಾರ ಅಂದಳು. ಈಗಿನ ಹುಡುಗಿಯರು ಹೇಳಿದ್ದು ಕೇಳ್ತಾರಾ?” ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ ಮಗ ನಿಝಾರನಿಗೂ ಇದನ್ನೇ ಹೇಳಿದಳು. ಹಸ್ನಾ ಅತ್ತು ಕರೆದು ನಿಜ ಹೇಳಿದರೆ ಅವನು, “ಉಮ್ಮ ಹಾಗೆ ಮಾಡುವವರಲ್ಲ ಹಸ್ನಾ. ಆದದ್ದು ಆಯಿತು. ನಿನ್ನ ತಪ್ಪು ಅಂತ ನಾನು ಹೇಳುವುದಿಲ್ಲ” ಎಂದ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಾಡದ ತಪ್ಪಿಗೆ ಸಿಕ್ಕಿದ ಆ ಕ್ಷಮೆಯನ್ನು ಎರಡು ವರ್ಷ ನುಂಗಿದವಳಿಗೇ ಗೊತ್ತು ಅದರ ಕಹಿ.

ಅಂದಿನಿಂದ ಹಸ್ನಾಳಿಗೆ ಬೇಕಾದದ್ದು ಒಂದೇ. ‘ಅಂದು ಸ್ಕ್ಯಾನು ಬೇಡ ಅಂದವಳು ನಾನು’ ಎಂಬ ಮಾತು ಜುಲೈಕಾಳ ಬಾಯಿಂದಲೇ ಬರಬೇಕು. ನಾಲ್ಕು ಜನರ ಮುಂದೆ ಬರಬೇಕು. ಆ ನಾಲ್ಕು ಜನರಲ್ಲಿ ನಿಝಾರನೂ ಇರಬೇಕು.

ನಿಝಾರ್ ರಜೆಯಲ್ಲಿ ಬಂದು ಹೋಗಿ, ಈಗ ಮತ್ತೆ ಐದು ತಿಂಗಳು. ಈ ಸಲ ಡಾಕ್ಟರಮ್ಮ ನಾಲ್ಕನೆಯದರಲ್ಲೇ ಹೊಲಿಗೆ ಹಾಕಿ, ಭಾರ ಎತ್ತಬಾರದು, ಹೆಚ್ಚು ಹೊತ್ತು ನಿಂತು ಕೆಲಸ ಮಾಡಬಾರದು ಎಂದು ಕಟ್ಟುನಿಟ್ಟು ಮಾಡಿದ್ದರು. ಹಸ್ನಾ ಮೂಡಬಿದ್ರೆ ಹತ್ತಿರ ಪುತ್ತಿಗೆಯ ತಾಯಿಮನೆಯಲ್ಲಿ ಕೆಲವು ದಿನ ಮಲಗಿಯೇ ಕಳೆದು, ಫರ್ಹಾನಳ ನಿಕಾಹ್‌ಗೆಂದು ಮೆಲ್ಕಾರಿಗೆ ಬಂದವಳು ಅಲ್ಲೇ ಉಳಿದಿದ್ದಳು. ಹೊಟ್ಟೆ ಸಣ್ಣಗೆ ಕಾಣತೊಡಗಿತ್ತು. ಆದರೆ ಮಗು ಮಿಸುಕಾಡಿರಲಿಲ್ಲ. ಮಧ್ಯಾಹ್ನ ಎಡಕ್ಕೆ ಹೊರಳಿ ಮಲಗಿ, ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕಾಯುವಳು. ಹೊಟ್ಟೆಯೊಳಗೆ ಏನೋ ಗುಡುಗುಡು ಎಂದರೆ ಅದು ಉಂಡ ಹಲಸಿನ ಬೀಜದ ಗಾಳಿ. ಮೊದಲ ಮಗು ಇಷ್ಟರಲ್ಲಿ ಮೀನಿನಂತೆ ಓಡಾಡಿತ್ತು. ಅದನ್ನು ನೆನೆದು ಅವಳು ಬಲಕ್ಕೆ ಹೊರಳಿ ಮತ್ತೆ ಕಾಯುವಳು.

ಜುಲೈಕಾಳಿಗೂ ಆತುರವೇ. ದಿನಕ್ಕೊಮ್ಮೆ “ಆಡಿತಾ?” ಎಂದು ಕೇಳಿ ಹೊಟ್ಟೆಯತ್ತ ಕೈ ಚಾಚುವಳು. ಹಸ್ನಾ ಶಾಲು ಮುಂದಕ್ಕೆಳೆದುಕೊಂಡು, “ಒಲೆ ಮೇಲೆ ಹಾಲುಂಟು ಮಾಮಿ” ಎಂದು ಜಾರಿಕೊಳ್ಳುವಳು. ಆ ಕೈ ತನ್ನ ಹೊಟ್ಟೆಗೆ ತಾಗಬಾರದು ಎಂದು ಹೊಲಿಗೆ ಬಿದ್ದ ದಿನವೇ ಅವಳು ತೀರ್ಮಾನಿಸಿಯಾಗಿತ್ತು.

ಅಷ್ಟರಲ್ಲಿ ಬಂತು ಹೊಸ ಅಳಿಯನ ಊಟ. ಮದುವೆಯಾದ ಮೇಲೆ ಅಳಿಯನನ್ನೂ ಅವನ ಮನೆಯವರನ್ನೂ ಕರೆದು ಉಣಬಡಿಸುವುದೆಂದರೆ ಈ ಕಡೆಯ ಮನೆಗಳಲ್ಲಿ ಸಣ್ಣ ಸಂಗತಿಯಲ್ಲ. ಅಂದು ಸೋತರೆ ಹೆಣ್ಣಿನ ತಾಯಿ ಆಮೇಲೆ ತಲೆಯೆತ್ತುವಂತಿಲ್ಲ. ಜುಲೈಕಾ ಶನಿವಾರ ಎಂದು ದಿನ ಗೊತ್ತು ಮಾಡಿದಳು. ಬೆಳ್ತಂಗಡಿಯ ಬೀಗತಿ ಫೋನಿನಲ್ಲೇ ಹೇಳಿಬಿಟ್ಟರಂತೆ, “ಬೇರೆ ಏನೂ ಬೇಡ, ಅಂದಿನ ನಿಮ್ಮ ಕೈಯ ಬಿರಿಯಾನಿ ಒಂದು ಇದ್ದರೆ ಸಾಕು.”

ಜುಲೈಕಾ ಅಡುಗೆಮನೆಗೆ ಬಂದು ಸೊಸೆಯ ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು. ಅವಳು ಹಾಗೆ ಕೂತಳೆಂದರೆ ಏನೋ ಬೇಕಾಗಿದೆ ಎಂದು ಅರ್ಥ.

“ಭಾರ ಎತ್ತುವುದು ಬೇಡ ಮಾರಾಯ್ತಿ. ನೀನು ನಿಂತು ಹೇಳು, ಎತ್ತಲಿಕ್ಕೆ ಜನ ಉಂಟು.”

“ಅಡುಗೆಯವರನ್ನು ಕರೆಸುವುದಿಲ್ವಾ ಮಾಮಿ?” ಹಸ್ನಾ ಕೇಳಿದಳು.

“ಅಡುಗೆಯವನು ಬಂದ್ರೆ ಬೀಗರಿಗೆ ಗೊತ್ತಾಗ್ತದಲ್ಲ. ಅವರಿಗೆ ಬೇಕಾದ್ದು ನನ್ನ ಕೈಯದ್ದು.”

“ಅದು ಹೌದು,” ಎಂದಳು ಹಸ್ನಾ. “ಹಾಗಾದ್ರೆ ಅಡುಗೆಯವರು ಬೇಡ.”

ನೋಡಿ, ಅವಳು ಸುಳ್ಳು ಹೇಳಲಿಲ್ಲ. ಮಾಡುತ್ತೇನೆ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಜುಲೈಕಾ ಕೇಳಿಸಿಕೊಂಡದ್ದು ತನಗೆ ಬೇಕಾದದ್ದನ್ನು. ಅದೇ ಸಂಜೆ ಹಸ್ನಾ ತೆರೇಸಿಗೆ ಹೋಗಿ ಮೂಡಬಿದ್ರೆಯ ಸ್ಕ್ಯಾನಿಂಗ್ ಸೆಂಟರಿಗೆ ಫೋನು ಮಾಡಿದಳು. ಅಲ್ಲಿಯ ಹುಡುಗಿ ಬುಧವಾರ ಆಗಬಹುದು, ಗುರುವಾರವೂ ಆಗಬಹುದು, ಶನಿವಾರವೂ ಜಾಗ ಉಂಟು ಎಂದಳು. ಹಸ್ನಾ ಎರಡನೇ ಯೋಚನೆ ಮಾಡದೆ ಶನಿವಾರ ಎಂದಳು.

ತಾಯಿ ಸಬೀಹಾಳಿಗೆ ಇದು ಸರಿಕಾಣಲಿಲ್ಲ. “ಗುರುವಾರ ಮಾಡಿಸುವ ಹಸ್ನಾ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಹಗೆ ಸಾಧಿಸಬಾರದು. ಅದಕ್ಕೂ ತಾಗ್ತದೆ.”

“ತಾಗಲಿ ಉಮ್ಮ. ಅದರ ಅಣ್ಣನ ವಿಷಯ ಅದಕ್ಕೂ ಗೊತ್ತಿರಲಿ.”

ಶನಿವಾರ ಕಾರು ತರುತ್ತೇನೆ ಎಂದು ಸಬೀಹಾ ಫೋನು ಇಟ್ಟಳು. ಆ ಹೆಂಗಸಿನ ಬಾಯಲ್ಲಿ ಯಾರ ಬಗ್ಗೆಯೂ ಕೆಟ್ಟ ಮಾತಿಲ್ಲ. ಜುಲೈಕಾಳಿಗೂ ಪ್ರತಿ ಹಬ್ಬಕ್ಕೆ ತಪ್ಪದೆ ತೆಂಗಿನಕಾಯಿ ಬರ್ಫಿ ಕಳಿಸಿದವಳು.

ಶುಕ್ರವಾರ ಮನೆಯಲ್ಲಿ ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದರೆ ಹಸ್ನಾ ತನ್ನ ಕೋಣೆಯಲ್ಲಿ ಚೀಲ ತುಂಬುತ್ತಿದ್ದಳು. ಆಧಾರ್ ಕಾರ್ಡು, ಅದರ ಜೆರಾಕ್ಸು. ಹಿಂದಿನ ಸ್ಕ್ಯಾನುಗಳ ರಿಪೋರ್ಟು. ಹೊಲಿಗೆ ಹಾಕಿದ ಆಸ್ಪತ್ರೆಯ ಚೀಟಿ. ಹೊಟ್ಟೆ ತೆರೆದು ತೋರಿಸಲು ಸುಲಭವಾಗಲಿ ಎಂದು ಸಡಿಲ ಟಾಪು, ಎಲಾಸ್ಟಿಕ್ಕಿನ ಪ್ಯಾಂಟು. ದೊಡ್ಡ ನೀರಿನ ಬಾಟಲಿ, ಜೆಲ್ಲು ಒರೆಸಲು ಹಳೆಯ ಮೆತ್ತನೆಯ ಬಟ್ಟೆ, ಮಗು ಮುದುಡಿ ಮಲಗಿದ್ದರೆ ಎಬ್ಬಿಸಲು ಏನಾದರೂ ಸಿಹಿ. ಫೋನಿನಲ್ಲಿ ಆ ಹುಡುಗಿ ಇಷ್ಟನ್ನೂ ಹೇಳಿದ್ದಳು, ಬೆಳಿಗ್ಗೆ ಹೊಟ್ಟೆಗೆ ತಿಂದೇ ಬನ್ನಿ ಎಂದೂ ಹೇಳಿದ್ದಳು. ಅವಳು ಹೇಳದೆ ಹಸ್ನಾ ಕಟ್ಟಿಕೊಂಡದ್ದು ಹೆದರಿಕೆಯೊಂದೇ. ಒಳಗೆ ಕೂತದ್ದು ಯಾಕೆ ಇನ್ನೂ ಅಲ್ಲಾಡುವುದಿಲ್ಲ? ಸೇಡಿನ ಸಿಹಿಯಲ್ಲಿ ಆ ಹೆದರಿಕೆಯನ್ನು ಅದ್ದಿ ಅದ್ದಿ ಅವಳು ಶುಕ್ರವಾರ ಕಳೆದಳು.

ಶನಿವಾರ ಬೆಳಿಗ್ಗೆ ಪುತ್ತಿಗೆಯ ಮೂಸಾಕನ ಬಾಡಿಗೆ ಕಾರು ಮೆಲ್ಕಾರಿನ ಮನೆಯ ಗೇಟಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಸಬೀಹಾ. ಅಂಗಳದಲ್ಲಿ ಜುಲೈಕಾ ಮಾಂಸದವನ ಜೊತೆ ಎಲುಬು ಹೆಚ್ಚಾಯಿತೆಂದು ಜಗಳ ಮಾಡುತ್ತಿದ್ದಳು. ಹಸ್ನಾ ಬುರ್ಖಾ ಹಾಕಿ ಚೀಲ ಹಿಡಿದು ಹೊರಗೆ ಬಂದದ್ದನ್ನು ನೋಡಿ ಅವಳ ಬಾಯಿ ನಿಂತಿತು.

“ಎಲ್ಲಿಗೆ?”

“ಸ್ಕ್ಯಾನಿಗೆ ಮಾಮಿ, ಮೂಡಬಿದ್ರೆಗೆ. ಐದನೇ ತಿಂಗಳದ್ದು.”

“ಇವತ್ತು? ಬಿರಿಯಾನಿ?”

“ನಿಮ್ಮ ಬಿರಿಯಾನಿ ಅಲ್ವಾ ಮಾಮಿ. ನೀವು ಮಾಡಿ,” ಎಂದು ಹಸ್ನಾ ಕಾರು ಹತ್ತಿದಳು.

ಬಿ.ಸಿ.ರೋಡು ದಾಟಿ, ಬಂಟ್ವಾಳ ಪೇಟೆ ಬಿಟ್ಟು, ಸಿದ್ಧಕಟ್ಟೆಯ ತಿರುವುಗಳಲ್ಲಿ ಮೂಸಾಕ ಹೊಟ್ಟೆಯವಳಿದ್ದಾಳೆಂದು ಗುಂಡಿ ಗುಂಡಿಗೂ ಬ್ರೇಕು ಒತ್ತುತ್ತ ಹೋದ. ಸಬೀಹಾ ದಾರಿಯುದ್ದಕ್ಕೂ ತಸ್ಬೀಹಿನ ಮಣಿ ಎಣಿಸಿದಳು. ಹಸ್ನಾಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ. ಸುಮ್ಮನೆ ಬೆಳಗುವ ಹೆಸರನ್ನು ನೋಡಿ, ಇನ್ನೊಂದು ಸಲ ಬರಲಿ ಎಂದು ಕಾದಳು. ಇದನ್ನು ಪಾಪ ಎನ್ನುವವರು ಎನ್ನಲಿ. ಎರಡು ವರ್ಷದಲ್ಲಿ ಆ ಹುಡುಗಿಗೆ ಅಂಥ ಸುಖದ ಪ್ರಯಾಣ ಸಿಕ್ಕಿರಲಿಲ್ಲ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೆಸರು ಕೊಟ್ಟು ಕೂತರೆ ಕರೆಯುವುದು ಯಾವಾಗ ಎಂದು ದೇವರಿಗೇ ಗೊತ್ತು. ಬೆಂಚಿನ ತುಂಬ ಬಸುರಿಯರು, ಅವರ ಕಾಲ ಬುಡದಲ್ಲಿ ನೀರಿನ ಬಾಟಲಿಗಳು, ಗೋಡೆಯಲ್ಲಿ ಗಂಡೋ ಹೆಣ್ಣೋ ಕೇಳಬಾರದು ಎಂಬ ಬೋರ್ಡು. ಕೊನೆಗೂ ಹಸ್ನಾಳನ್ನು ಒಳಗೆ ಕರೆದು ಮಲಗಿಸಿ ತಣ್ಣಗಿನ ಜೆಲ್ಲು ಹಚ್ಚಿದರು. ಡಾಕ್ಟರು ಸ್ವಲ್ಪ ಹೊತ್ತು ಒತ್ತಿ ನೋಡಿ, “ಹೃದಯ ಬಡಿಯುತ್ತಾ ಉಂಟು, ಹೆದರಬೇಡಿ. ಆದರೆ ಬೆನ್ನು ತಿರುಗಿಸಿ ಮಲಗಿದೆ. ಮುಖ ಸಿಗುವುದಿಲ್ಲ, ಹೃದಯದ ಕೋಣೆಗಳೂ ಸರಿಯಾಗಿ ಕಾಣುವುದಿಲ್ಲ. ಹೊರಗೆ ಸ್ವಲ್ಪ ನಡೆದಾಡಿ, ಸಿಹಿ ತಿನ್ನಿ, ಮತ್ತೆ ಕರೆಯುತ್ತೇವೆ” ಎಂದರು.

“ಡಾಕ್ಟ್ರೇ, ಇದು ಇನ್ನೂ ಆಡಲಿಲ್ಲ.”

“ಮಾಸು ಹೊಟ್ಟೆಯ ಮುಂದಿನ ಗೋಡೆಗೆ ಕೂತಿದೆ. ದಿಂಬು ಇಟ್ಟ ಹಾಗೆ. ಒದ್ದರೂ ನಿಮಗೆ ತಿಳಿಯುವುದು ತಡ. ನಡೆಯಿರಿ.”

ಹೊರಗೆ ವರಾಂಡದಲ್ಲಿ ಹಸ್ನಾ ಬರ್ಫಿ ಕಚ್ಚುತ್ತ ಆಚೆಯಿಂದ ಈಚೆ ನಡೆದಳು. ಮತ್ತೆ ಫೋನು. ಈ ಸಲ ಎತ್ತಿದಳು.

ಜುಲೈಕಾಳ ದನಿಯಲ್ಲಿ ಅಳುವೂ ಇತ್ತು, ಬೈಗುಳವೂ ಇತ್ತು, ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. “ಅಕ್ಕಿ ಗಂಜಿ ಆಯ್ತು. ಮಸಾಲೆ ತಳ ಹಿಡಿದು ಹೋಯ್ತು. ಬೀಗರು ಬಿಟ್ಟಾಯ್ತಂತೆ, ದಾರಿಯಲ್ಲಿದ್ದಾರೆ. ನನ್ನ ಮರ್ಯಾದೆ ತೆಗಿಬೇಡ ಹಸ್ನಾ. ಈಗ್ಲೇ ಬಾ. ಸ್ಕ್ಯಾನು ನಾಡಿದ್ದು ಮಾಡಿಸುವ, ನಾನೇ ಕರ್ಕೊಂಡು ಹೋಗ್ತೇನೆ.”

ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲಿ ಮಸೆದಿಟ್ಟ ಮಾತು ಹಸ್ನಾಳಲ್ಲಿತ್ತು. ಸಾವಕಾಶವಾಗಿ, ಒಂದು ಅಕ್ಷರವೂ ತಪ್ಪದ ಹಾಗೆ ಅದನ್ನು ಹೇಳಿದಳು. “ಊಟ ಎಲ್ಲಿಗೆ ಓಡಿ ಹೋಗ್ತದೆ ಮಾಮಿ? ಮುಂದಿನ ವಾರ ಇಟ್ಟುಕೊಳ್ಳುವ. ಒಂದು ವಾರದಲ್ಲಿ ಆಕಾಶ ಬೀಳ್ತದಾ?”

ಹಸ್ನಾ ಫೋನು ಇಟ್ಟಳು. ಆಗಲೇ ಹೊಕ್ಕುಳ ಕೆಳಗೆ, ಸ್ವಲ್ಪ ಎಡಕ್ಕೆ, ಯಾರೋ ಒಳಗಿನಿಂದ ಬೆರಳಿನಿಂದ ಟಕ್ಕೆಂದು ತಟ್ಟಿದರು.

ಅವಳು ನಿಂತಲ್ಲೇ ನಿಂತಳು. ಬರ್ಫಿಯ ಚೂರು ಬಾಯಲ್ಲೇ ಇತ್ತು. ಇನ್ನೊಮ್ಮೆ ತಟ್ಟಿತು. ಇದು ಗಾಳಿಯಲ್ಲ. ಗಾಳಿಗೆ ಗುರಿ ಇರುವುದಿಲ್ಲ, ಇದಕ್ಕೆ ಇತ್ತು. ಹಸ್ನಾ ಗೋಡೆ ಹಿಡಿದು ಮೆಲ್ಲಗೆ ಬೆಂಚಿನಲ್ಲಿ ಕೂತು ತಾಯಿಯ ಕೈ ಎಳೆದು ಆ ಜಾಗದಲ್ಲಿಟ್ಟಳು. ಸಬೀಹಾಳಿಗೆ ಹೊರಗಿನಿಂದ ಏನೂ ಸಿಗಲಿಲ್ಲ. ಆದರೂ ಮಗಳ ಮುಖ ನೋಡಿ ಅವಳ ಕಣ್ಣು ತುಂಬಿತು.

“ನೀವು ಹೇಳಿದ್ದು, ಹಗೆ ಅದಕ್ಕೆ ತಾಗ್ತದೆ ಅಂತ. ತಾಗಿತು ಉಮ್ಮ, ಅದಕ್ಕೇ ಎದ್ದಿತು,” ಎಂದು ಹಸ್ನಾ ಅಳುತ್ತ ನಕ್ಕಳು.

“ಸುಮ್ಮನಿರು. ಅಂಥ ಮಾತು ಆಡಬೇಡ,” ಎಂದಳು ಸಬೀಹಾ, ಆದರೆ ಕೈ ತೆಗೆಯಲಿಲ್ಲ.

ಮತ್ತೆ ಒಳಗೆ ಕರೆದರು. ಸ್ಕ್ಯಾನಿನ ಕೋಣೆಗೆ ಫೋನು ತರುವ ಹಾಗಿಲ್ಲ, ಅದನ್ನು ತಾಯಿಯ ಚೀಲಕ್ಕೆ ಹಾಕಿದಳು. ಒಳಗಿನ ಬೆಂಚಿನಲ್ಲಿ ಮತ್ತೆ ಗಂಟೆಗಟ್ಟಲೆ ಕಾಯಿಸಿದರು. ಈ ಸಲ ಮಗು ಮುಖ ಕೊಟ್ಟಿತು. ಡಾಕ್ಟರು ಪರದೆಯಲ್ಲಿ ತೋರಿಸುತ್ತ ಹೋದರು. ಇದು ಹೃದಯದ ನಾಲ್ಕು ಕೋಣೆ. ಇದು ಬೆನ್ನೆಲುಬು. ಇದು ಪಾದ. ಕೊನೆಗೆ ಬಹಳ ಹೊತ್ತು ಏನನ್ನೋ ಅಳೆದು, ಹೊಲಿಗೆ ಗಟ್ಟಿಯಾಗಿದೆ, ಗರ್ಭಕೋಶದ ಬಾಯಿ ಉದ್ದಕ್ಕೆ ಬಿಗಿಯಾಗಿ ಮುಚ್ಚಿದೆ, ಎಲ್ಲ ಸರಿ ಉಂಟು ಎಂದರು. ಹಸ್ನಾ ತಲೆ ಆ ಕಡೆ ತಿರುಗಿಸಿಕೊಂಡಳು. ಹೋದ ಸಲ ನೋಡಲು ಸಿಗದೆ ಹೋದ ಪಾದದ ನೆನಪು ಬಂದು ಅವಳಿಗೆ ತಡೆಯಲಾಗಲಿಲ್ಲ.

ಇತ್ತ ಅವಳು ಜೆಲ್ಲು ಒರೆಸಿಕೊಳ್ಳುತ್ತಿರುವಾಗ ಮೆಲ್ಕಾರಿನಲ್ಲಿ ಏನಾಗಿತ್ತು ಎಂದು ಹೇಳುತ್ತೇನೆ. ಬೀಗರ ಕಾರು ಅಂಗಳಕ್ಕೆ ಬಂದಾಗ ಜುಲೈಕಾಳ ಬಳಿ ಇದ್ದದ್ದು ಗಂಜಿಯಾದ ಅಕ್ಕಿ ಮತ್ತು ಹೋಟೆಲಿನಿಂದ ತರಿಸಿದ ಬಿರಿಯಾನಿ. ಹೋಟೆಲಿನದ್ದು ಎಂದು ಬೀಗತಿಗೆ ಮೂಗಿಗೇ ಗೊತ್ತಾಗಿರಬೇಕು. “ನಿಮ್ಮ ಕೈಯದ್ದು ಅಲ್ಲವಾ?” ಎಂದರು. “ಸೊಸೆ ಎಲ್ಲಿ?” ಎಂದೂ ಕೇಳಿದರು. ಆಗ ‘ಸ್ಕ್ಯಾನಿಗೆ ಹೋಗಿದ್ದಾಳೆ’ ಎಂದಿದ್ದರೆ ಕತೆ ಮುಗಿಯುತ್ತಿತ್ತು. ಸ್ವಲ್ಪ ನಾಚಿಕೆ, ಅಷ್ಟೇ. ಆದರೆ ಜುಲೈಕಾಳ ನಾಲಿಗೆಗೆ ಹಳೆಯ ದಾರಿ ಚೆನ್ನಾಗಿ ಪರಿಚಯ. ಸೆರಗಿನಿಂದ ಕಣ್ಣೊತ್ತಿಕೊಂಡು, “ಹಸ್ನಾಗೆ ಬೆಳಿಗ್ಗೆ ರಕ್ತ ಹೋಯ್ತು. ಮೂಡಬಿದ್ರೆಗೆ ಸ್ಕ್ಯಾನಿಗೆ ಕರ್ಕೊಂಡು ಹೋದ್ರು. ಮಗು ಉಳಿಲಿಲ್ಲ. ಇಂಥ ಸಂಕಟದಲ್ಲಿ ಬಿರಿಯಾನಿ ಮಾಡ್ಲಿಕ್ಕೆ ಕೈ ಏಳ್ತದಾ?” ಎಂದಳು.

ಅವಳ ಅಂದಾಜು ಏನೆಂದರೆ, ಬೀಗರು ಎರಡು ಸಮಾಧಾನದ ಮಾತು ಹೇಳಿ, ಬಂದದ್ದನ್ನು ಉಂಡು ಹೋಗುತ್ತಾರೆ. ಆಮೇಲೆ ಸೊಸೆಯನ್ನು ಹೇಗೋ ಬಾಯಿ ಮುಚ್ಚಿಸಿ, ಡಾಕ್ಟರರು ತಪ್ಪು ಹೇಳಿದ್ದರು, ಮಗು ಉಳಿಯಿತು ಎಂದರಾಯಿತು. ಆದರೆ ಬೆಳ್ತಂಗಡಿಯ ಬೀಗತಿ ಎರಡು ಮಕ್ಕಳನ್ನು ಹೊಟ್ಟೆಯಲ್ಲೇ ಕಳೆದುಕೊಂಡವರು. ಅನ್ನಕ್ಕೆ ಹಾಕಿದ ಕೈಯನ್ನು ಹಾಗೇ ತೆಗೆದು ಎದ್ದು, “ಉನೈಸ್, ಕಾರು ತೆಗಿ. ಆ ಹುಡುಗಿಯನ್ನು ನೋಡದೆ ನನಗೆ ಅನ್ನ ಇಳಿಯುವುದಿಲ್ಲ” ಎಂದರು. ಜುಲೈಕಾ ಬೇಡ ಬೇಡ ಎಂದು ಅಡ್ಡ ಬಂದದ್ದನ್ನು ಅವರು ದುಃಖ ಎಂದು ತಿಳಿದು ಅವಳನ್ನೂ ಕೈಹಿಡಿದು ಕಾರಿಗೆ ಹತ್ತಿಸಿದರು. ಅಷ್ಟರಲ್ಲಿ ಫರ್ಹಾನ ಅಳುತ್ತ ದಮ್ಮಾಮಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿಯಾಗಿತ್ತು. ಅವನು ತಾಯಿಗೆ ಮಾಡಿದ. ಬೀಗತಿ ಪಕ್ಕದಲ್ಲೇ ಕೂತಿರುವಾಗ ಜುಲೈಕಾ ಏನು ಹೇಳಿಯಾಳು? ಮಗನಿಗೂ ಅದನ್ನೇ ಹೇಳಿದಳು.

ಹಸ್ನಾ ಸ್ಕ್ಯಾನಿನ ಕೋಣೆಯಿಂದ ಹೊರಗೆ ಬರುವಾಗ ಬೆಂಚಿನ ಹತ್ತಿರ ಗುಂಪು ನಿಂತಿತ್ತು. ಒಳಗೆ ಏನಾಯಿತೋ ಎಂದು ಸಬೀಹಾ ಮುಖ ಬಿಳಿಚಿಕೊಂಡು ಗೋಡೆಗೆ ಆತು ನಿಂತಿದ್ದಳು. ಬೀಗತಿ ಓಡಿಬಂದು ಹಸ್ನಾಳನ್ನು ಅ‌ಪ್ಪಿ ಹಿಡಿದರು. “ಅಳು ಮಗಳೇ, ಅತ್ತುಬಿಡು. ನನಗೂ ಎರಡು ಸಲ ಹೀಗೆ ಆಗಿತ್ತು. ಅಲ್ಲಾಹು ಇನ್ನೊಂದು ಕೊಡ್ತಾನೆ.”

ಹಸ್ನಾಳಿಗೆ ತಲೆಬುಡ ತಿಳಿಯಲಿಲ್ಲ. “ಯಾವುದು ಆಗಿತ್ತು ಮಾಮಿ?”

“ಮಗು ಹೋದದ್ದು. ನಿನ್ನ ಮಾಮಿ ಹೇಳಿದರು.”

ಹಸ್ನಾ ಅವರ ಹೆಗಲ ಮೇಲಿಂದ ನೋಡಿದಳು. ಬಾಗಿಲ ಬಳಿ ಜುಲೈಕಾ ನಿಂತಿದ್ದಳು. ತಲೆಯನ್ನು ಅತ್ತಿತ್ತ ಸಣ್ಣಗೆ ಆಡಿಸಿ, ಕೈಯನ್ನು ಸೆರಗಿನ ಮರೆಯಲ್ಲಿ ಜೋಡಿಸಿ, ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಒಮ್ಮೆ ಹೂಂ ಎನ್ನು. ಒಂದೇ ಒಂದು ಸಲ. ಹಸ್ನಾಳಿಗೆ ಆಗ ಅರ್ಥವಾಯಿತು. ಮೊದಲನೆಯದನ್ನು ಊಟದ ನೆವದಲ್ಲಿ ಕಳೆದವಳು ಎರಡನೆಯದನ್ನು ಊಟದ ಮಾನ ಉಳಿಸಲು ಬಾಯಲ್ಲೇ ಕೊಂದುಬಿಟ್ಟಿದ್ದಳು. ಹಸ್ನಾಳ ಮೈಯಲ್ಲಿ ಇದ್ದಬದ್ದ ಬಿಸಿಯೆಲ್ಲ ಇಳಿದು ಹೋಯಿತು. ತಣ್ಣಗಿನ ಸಿಟ್ಟು ಎಂಬುದೊಂದಿದೆ, ಅದು ಕೂಗಾಡುವುದಿಲ್ಲ.

ಪಕ್ಕಕ್ಕೆ ನೋಡಿದರೆ ತಾಯಿ. ಹಗೆ ಬೇಡ ಎಂದಿದ್ದ ಸಬೀಹಾ ಮಗಳ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. “ಹೇಳು,” ಎಂದಳು.

ಹಸ್ನಾ ಬೀಗತಿಯ ಅಂಗೈಯನ್ನು ತೆಗೆದು ತನ್ನ ಹೊಟ್ಟೆಯ ಎಡಕ್ಕೆ ಒತ್ತಿ ಹಿಡಿದಳು. “ಸ್ವಲ್ಪ ಹೀಗೇ ಇಡಿ,” ಎಂದಳು. ಮಗು ಸಿಹಿ ತಿಂದ ಹುರುಪಿನಲ್ಲಿತ್ತು. ತಾಯಿಯ ತಾಯಿಗೆ ಸಿಗದೇ ಹೋದದ್ದು ಬೀಗತಿಗೆ ಸಿಕ್ಕಿತು. ಆ ಮಾಸಿನ ದಿಂಬನ್ನೂ ದಾಟಿ ಬಂದ ಒಂದು ಒದೆತ. ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು, ಮತ್ತೆ ತಾವಾಗಿಯೇ ಇಟ್ಟರು.

“ಇದು ಇವತ್ತೇ ಮೊದಲು ಆಡಿದ್ದು,” ಎಂದಳು ಹಸ್ನಾ. “ಒಂದು ಹನಿ ರಕ್ತ ಹೋಗಲಿಲ್ಲ. ನಾನು ಬಂದದ್ದು ಸ್ಕ್ಯಾನಿಗೆ. ಬಿರಿಯಾನಿ ಮಾಡುವವಳು ಇಲ್ಲದೆ ಹೋದದ್ದಕ್ಕೆ ಮಗುವನ್ನೇ ಇಲ್ಲ ಮಾಡಿದರು. ಅಂದು ನೀವು ಬೆರಳು ನೆಕ್ಕಿದ್ದೂ ನನ್ನ ಕೈಯದ್ದೇ ಮಾಮಿ.”

ಬೀಗತಿ ತಿರುಗಿ ನೋಡಿದರು. ಬೆಂಚಿನ ಬಸುರಿಯರೂ ನೋಡಿದರು. ಹೊಸ ಅಳಿಯ ಉನೈಸ್ ತನ್ನ ಚಪ್ಪಲಿ ನೋಡತೊಡಗಿದ. ಜುಲೈಕಾ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಸಬೀಹಾಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ನಿಝಾರ್. ಎಷ್ಟೋ ಸಲ ಮಾಡಿದ್ದ. ಹಸ್ನಾ ಸ್ಪೀಕರಿಗೆ ಹಾಕಿ ಫೋನನ್ನು ಅಂಗೈಯಲ್ಲಿ ಹಿಡಿದಳು.

“ಹಸ್ನಾ, ಟಿಕೆಟು ನೋಡ್ತಾ ಇದ್ದೇನೆ, ರಾತ್ರಿಯ ವಿಮಾನ ಸಿಗ್ತದೆ,” ಅವನ ದನಿ ಒಡೆದಿತ್ತು. “ಉಮ್ಮ ಹೇಳಿದ್ರು. ನೀನು ಹೇಗಿದ್ದೀ?”

“ನಾನು ಚೆನ್ನಾಗಿದ್ದೇನೆ. ಮಗುವೂ ಚೆನ್ನಾಗಿ ಉಂಟು. ಈಗಷ್ಟೇ ಅದರ ಪಾದ ನೋಡಿ ಬಂದೆ. ಇಲ್ಲಿ ಯಾರಿಗೂ ಏನೂ ಆಗ್ಲಿಲ್ಲ.”

ಮೂಗು ಒರೆಸಿಕೊಂಡ ಸದ್ದು. ಆಮೇಲೆ ನಿಧಾನವಾಗಿ, “ಹಾಗಾದ್ರೆ ಉಮ್ಮ ಯಾಕೆ ಹಾಗೆ ಹೇಳಿದ್ದು?”

“ಇಲ್ಲೇ ಇದ್ದಾರೆ. ಬೀಗರೂ ಇದ್ದಾರೆ. ನೀವೇ ಕೇಳಿ.”

ಅವನು ಕೇಳಿದ. ಆದರೆ ಅವನು ಕೇಳಿದ್ದು ಇವತ್ತಿನದ್ದನ್ನಲ್ಲ. ದೂರದ ದಮ್ಮಾಮಿನಲ್ಲಿ ಒಬ್ಬನೇ ಕೂತವನು ಆ ಒಂದು ನಿಮಿಷದಲ್ಲಿ ಎಲ್ಲಿಂದ ಎಲ್ಲಿಗೆ ಗಂಟು ಹಾಕಿದನೋ. ಹಸ್ನಾ ಎರಡು ವರ್ಷ ಅತ್ತು ಹೇಳಿದರೂ ನಾಟದ್ದು ಈಗ ತಾನಾಗಿ ನಾಟಿತ್ತು.

“ಉಮ್ಮಾ,” ಎಂದ. “ಫರ್ಹಾನಳ ನಿಶ್ಚಯದ ದಿನ ಸ್ಕ್ಯಾನು ಬೇಡ ಅಂದದ್ದು ಯಾರು?”

ಜುಲೈಕಾ ಬೀಗತಿಯ ಮುಖ ನೋಡಿದಳು. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಳಿಯನ ಮುಖ ನೋಡಿದಳು. ಅವನು ಇನ್ನೂ ಚಪ್ಪಲಿಯನ್ನೇ ನೋಡುತ್ತಿದ್ದ. ಸುಳ್ಳು ಹೇಳಲು ಜನ ನಂಬಬೇಕಲ್ಲ, ನಂಬುವವರು ಆ ವರಾಂಡದಲ್ಲಿ ಒಬ್ಬರೂ ಉಳಿದಿರಲಿಲ್ಲ.

“ನಾನು,” ಎಂದಳು.

“ಜೋರಾಗಿ ಹೇಳಿ ಮಾಮಿ. ದಮ್ಮಾಮಿಗೆ ಕೇಳ್ಬೇಕು,” ಎಂದಳು ಹಸ್ನಾ.

“ನಾನೇ ಬೇಡ ಅಂದದ್ದು. ಅವಳು ಹೋಗ್ತೇನೆ ಅಂದಿದ್ದಳು.”

‘ಹಸ್ನಾ, ನಾನು...’ ಎಂದು ನಿಝಾರ್ ಶುರುಮಾಡಿದ. ಆಮೇಲೆ ಮಾತಾಡುವ ಎಂದು ಹೇಳಿ ಅವಳು ಫೋನು ಇಟ್ಟಳು. ಇಷ್ಟು ಸಿಕ್ಕಿದ ಮೇಲೆ ಮನಸ್ಸು ಕರಗುತ್ತದೆ, ಅಯ್ಯೋ ಪಾಪ ಎನಿಸುತ್ತದೆ ಎಂದು ಅವಳೇ ಎಷ್ಟೋ ಸಲ ಅಂದುಕೊಂಡಿದ್ದಳು. ಎಲ್ಲಿಯದ್ದು? ಒಂದಿಷ್ಟೂ ಕರಗಲಿಲ್ಲ. ಹಸಿವಾದದ್ದು ಮಾತ್ರ ತಿಳಿಯಿತು.

ಜುಲೈಕಾ ಮುಂದೆ ಬಂದಳು. ಅವಳು ನಿಜವಾಗಿಯೂ ಅಳುತ್ತಿದ್ದಳು. “ಆಡಿತು ಅಂದಿಯಲ್ಲ. ನಾನೂ ಒಮ್ಮೆ ಮುಟ್ಟಿ ನೋಡ್ತೇನೆ,” ಎಂದು ಕೈ ಚಾಚಿದಳು.

ಹಸ್ನಾ ಶಾಲನ್ನು ಹೊಟ್ಟೆಯ ಮೇಲೆ ಎಳೆದು ಬೀಗತಿಯ ಕಡೆಗೆ ತಿರುಗಿದಳು. “ಮಾಮಿ, ಮಗು ಹುಟ್ಟಿದ ದಿನ ನಾನು ಫೋನು ಮಾಡಿಸ್ತೇನೆ. ನೀವು ಬೆಳ್ತಂಗಡಿಯಿಂದ ಬರಬೇಕು. ಖರ್ಜೂರ ಅರೆದು ಅದರ ಬಾಯಿಗೆ ಮೊದಲು ಮುಟ್ಟಿಸುವುದು ನೀವೇ ಆಗ್ಬೇಕು.”

ಆ ಮನೆಯಲ್ಲಿ ಅದು ಗಂಡನ ತಾಯಿಯ ಹಕ್ಕು. ನಿಝಾರನ ಬಾಯಿಗೆ ಮುಟ್ಟಿಸಿದವಳು ಜುಲೈಕಾಳ ಅತ್ತೆ, ಅವಳ ಗಂಡನ ಬಾಯಿಗೆ ಆ ಅತ್ತೆಯ ಅತ್ತೆ. ಮೊಮ್ಮಗುವಿಗೆಂದು ಜುಲೈಕಾ ಉಮ್ರಾಕ್ಕೆ ಹೋದವರ ಕೈಯಲ್ಲಿ ಮದೀನಾದ ಖರ್ಜೂರ ತರಿಸಿ ಇಟ್ಟಿದ್ದಳು, ಅದನ್ನು ಬೀಗತಿಗೂ ತೋರಿಸಿದ್ದಳು. ಬೀಗತಿ ಒಮ್ಮೆ ಜುಲೈಕಾಳನ್ನು ನೋಡಿದರು. ಬೇಡ ಎನ್ನಬಹುದು ಎಂದು ಸಬೀಹಾ ಅಂದುಕೊಂಡಳು.

“ಬರ್ತೇನೆ ಮಗಳೇ,” ಎಂದರು ಬೀಗತಿ. “ಖಂಡಿತ ಬರ್ತೇನೆ.”

ಹಸ್ನಾ ರಿಪೋರ್ಟು ತೆಗೆದುಕೊಂಡು ತಾಯಿಯ ಕೈಹಿಡಿದು ಮೆಟ್ಟಿಲಿಳಿದಳು. ಮೂಸಾಕ ಮೆಲ್ಕಾರಿಗಾ ಎಂದು ಕೇಳಿದ. ಪುತ್ತಿಗೆಗೆ ಎಂದಳು. ಜುಲೈಕಾ ವರಾಂಡದಲ್ಲಿ ಚಾಚಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು.